ಕೆಂಪು ಗೆರೆ

ಉಪ್ಪಳ ಪೇಟೆಯಲ್ಲಿ ನನ್ನ ಮದ್ದಿನಂಗಡಿಗೆ
ಮೂರು ಲಿಪಿಯಲ್ಲಿ ಹೆಸರುಂಟು.
ಮೂರು ಭಾಷೆಯಲ್ಲೂ ಜನ ಕೇಳುವುದು ಒಂದೇ:
‘ಗಟ್ಟಿಯವರೇ, ಮೊನ್ನೆ ಕೊಟ್ಟದ್ದೇ. ಎರಡು ಸಾಕು.’

ಮೇ ತಿಂಗಳ ಒಂದು ರಾತ್ರಿ, ಶಟರು ಅರ್ಧ ಇಳಿಸಿದ ಮೇಲೆ,
ಬಗ್ಗಿ ಒಳಗೆ ಬಂದಳು ಮುಫೀದಾ, ಹತ್ತನೇ ಕ್ಲಾಸು.
ಎದೆಗವಚಿದ ಬುಟ್ಟಿ, ಬುಟ್ಟಿಯಲ್ಲಿ
ಬಟ್ಟೆ ಸುತ್ತಿದ ಐಸಿನ ಬಾಟಲಿ,
ಬಾಟಲಿಗೆ ಒರಗಿ
ಮೋಡದ ತುಂಡಿಗೆ ಕಿವಿ ಮೂಡಿದಂತೆ ಒಂದು ಜೀವ.

ಇಲಿಯಾ? ಅಲ್ಲ. ಮೊಲವಾ? ಅಲ್ಲ.
‘ಚಿಂಚಿಲ. ಮಾಮ ಕೊಚ್ಚಿಯಿಂದ ತಂದದ್ದು. ಹೆಸರು ಚಾರಂ.’
ಮಲಯಾಳದಲ್ಲಿ ಅದು ಬೂದಿ.
ಮೈಗೆ ನೀರು ತಾಗಬಾರದಂತೆ, ಧೂಳಿನಲ್ಲೇ ಮೀಯುವುದಂತೆ,
ನಮ್ಮ ಸೆಕೆ ಆಗುವುದೇ ಇಲ್ಲವಂತೆ.
ಮನೆಯಲ್ಲಿ ಇರುವುದು ಒಂದೇ ಏಸಿ, ಅಜ್ಜಿಯ ಕೋಣೆಯದ್ದು;
ಅಜ್ಜಿ ಈಗ ಚಾವಡಿಯಲ್ಲಿ.

ಎಡಗಣ್ಣು ಕೀವಿಗೆ ಅಂಟಿತ್ತು.
ಹುಡುಗಿ ಮುಷ್ಟಿ ಬಿಡಿಸಿದಳು:
ಅಜ್ಜಿಯ ಹಲ್ಲುನೋವಿಗೆ ತಂದು ಮಿಕ್ಕ ಅಮಾಕ್ಸಿಸಿಲಿನ್, ಮೂರು.
‘ಒಂದನ್ನು ಬಿಚ್ಚಿ ಜೇನಿನಲ್ಲಿ ಕಲಸಿ ಚಿಟಿಕೆಯಷ್ಟು...
ಎಷ್ಟು ಅಂತ ಮಾತ್ರ ಹೇಳಿ ಅಂಕಲ್.’

ಎಷ್ಟು ಅಂತ ನಾನೊಮ್ಮೆ ಹೇಳಿದ್ದೇನೆ.

ಅದು ಮೊಲ. ಕೈಕಂಬದ ಹುಡುಗ. ಹನ್ನೆರಡು ವರ್ಷ.
ಇದೇ ಗಾಜಿನ ಮೇಲೆ ಬ್ಲೇಡಿನ ತುದಿಯಿಂದ
ಬಿಳಿ ಪುಡಿಯನ್ನು ನಾಲ್ಕು ಪಾಲು ಮಾಡಿ ಕೊಟ್ಟೆ.
ದುಡ್ಡು ಸಹ ತೆಗೆದುಕೊಳ್ಳಲಿಲ್ಲ, ದೊಡ್ಡ ಮನಸ್ಸು.
ನಾಲ್ಕನೇ ದಿನ ಬಂದ. ಬೈಯಲಿಲ್ಲ, ಅಳಲಿಲ್ಲ.
ಉಳಿದೆರಡು ಪೊಟ್ಟಣ ಮೇಜಿನ ಮೇಲಿಟ್ಟು
‘ಬೇರೆ ಯಾರಿಗಾದರೂ ಆದೀತು’ ಅಂದ.

ಹುಲ್ಲು ತಿನ್ನುವ ಸಣ್ಣ ಹೊಟ್ಟೆಯೆಂದರೆ ಒಂದು ಊರು,
ಅಂತ ಆಮೇಲೆ ಓದಿ ತಿಳಿದೆ.
ಹುಲ್ಲನ್ನು ಅನ್ನವಾಗಿಸುವ ಕೋಟಿ ಒಕ್ಕಲು ಅಲ್ಲಿ.
ನಮ್ಮ ಹಲ್ಲುನೋವಿನ ಮದ್ದು ಒಳಗಿಳಿದರೆ
ಮೊದಲು ಸಾಯುವುದು ಅವರೇ.
ಖಾಲಿ ಮನೆಗಳಿಗೆ ನುಗ್ಗುವುದು
ವಿಷ ಕಾರುವ ಬೇರೆಯೇ ಸಂತತಿ.
ಚಿಂಚಿಲಕ್ಕೂ ಅದೇ ಹೊಟ್ಟೆ.

ಕೊಡಲಿಲ್ಲ. ಅವಳು ಶಟರಿಗೆ ತಲೆಯಾನಿಸಿ ಅತ್ತಳು.
ಬೆಳಗಿನ ಮೊದಲ ಬಸ್ಸಿಗೆ ತಲಪಾಡಿ ದಾಟಿ
ಮಂಗಳೂರಿನ ಡಾಕ್ಟರಮ್ಮನಲ್ಲಿಗೆ. ಕಣ್ಣು ತೊಳೆದು,
ಹತ್ತಿಕಡ್ಡಿಯಲ್ಲಿ ಕೀವು ತೆಗೆದು ಲ್ಯಾಬಿಗೆ ಕಳಿಸಿದರಂತೆ.
ಮೂರು ದಿನದ ಮೇಲೆ ಫೋನಿನಲ್ಲಿ ಫೋಟೋ ತಂದು ತೋರಿಸಿದಳು:
ತಟ್ಟೆಯ ಮೇಲೆ ಬಿಳಿ ಬೊಟ್ಟುಗಳು, ಒಂದೊಂದೂ ಒಂದೊಂದು ಮದ್ದು.
ಕೆಲವು ಬೊಟ್ಟಿನ ಸುತ್ತ ತಿಳಿಯಾದ ಬಳೆ;
ಒಳಗೆ ಕಾಲಿಡಲು ರೋಗಕ್ಕೆ ಹೆದರಿಕೆ.
ಉಳಿದವುಗಳ ಬುಡಕ್ಕೇ ಒತ್ತಿಕೊಂಡು
ಹಾಯಾಗಿ ಬೆಳೆದು ಕೂತಿತ್ತು.

‘ಚಾರಂ ಹುಟ್ಟಿದ ಮೇಲೆ ಒಂದು ಗುಳಿಗೆ ತಿಂದದ್ದಿಲ್ಲ ಅಂಕಲ್.
ಇವಕ್ಕೆ ಯಾರು ಕಲಿಸಿದ್ದು?’

ನನ್ನ ಹತ್ತಿರ ಬಿಲ್ಲಿನ ಪುಸ್ತಕಗಳುಂಟು. ತೆರೆಯಲಿಲ್ಲ.

ಬಳೆ ಬಿದ್ದದ್ದರಲ್ಲಿ ಆ ಹೊಟ್ಟೆ ತಾಳುವ ಒಂದನ್ನು ಬರೆದುಕೊಟ್ಟಿದ್ದರು,
ತಕ್ಕಡಿಯಲ್ಲಿಟ್ಟು ತೂಗಿ, ಹನಿ ಲೆಕ್ಕದಲ್ಲಿ, ಹತ್ತು ದಿನ.
ಆರನೇ ದಿನ ಫೋನು:
‘ಕಣ್ಣು ಬಿಟ್ಟಿತು, ಹುಲ್ಲು ಜಗಿಯುತ್ತಾ ಉಂಟು, ನಿಲ್ಲಿಸಲಾ?’
‘ಡಾಕ್ಟರು ಎಷ್ಟು ಹೇಳಿದ್ದು?’
‘ಹತ್ತು.’
‘ಈಗ ಎಷ್ಟಾಯಿತು?’
ಆ ಕಡೆಯಿಂದ ಏಸಿಯ ಸದ್ದು ಮಾತ್ರ.
‘ಇನ್ನೂ ನಾಲ್ಕುಂಟು.’

ಸ್ಟ್ರಿಪ್ಪಿನ ಬೆನ್ನಿಗೆ ಒಂದು ಕೆಂಪು ಗೆರೆ ಇರುತ್ತದೆ.
ವರ್ಷಗಟ್ಟಲೆ ಅದರ ಮೇಲೆಯೇ ಕತ್ತರಿ ಆಡಿಸಿದವ ನಾನು,
ಇವರಿಗೆ ಎರಡು, ಅವರಿಗೆ ನಾಲ್ಕು.
ಗಡಿಯ ಊರು ನೋಡಿ,
ಗೆರೆ ದಾಟುವುದೆಂದರೆ ನಮಗೆ ಬಸ್ಸು ಹತ್ತಿದಷ್ಟೇ.

ಇವತ್ತು ಮೀನಿನ ಲಾರಿಯ ಉಗ್ಗಪ್ಪ ಬಂದ, ಮೂಗು ಸುರಿಸುತ್ತ.
‘ಎರಡು ಸಾಕು.’
‘ಚೀಟಿ?’
ಹುಷಾರಿಲ್ಲದ್ದು ನನಗೇ ಎಂಬಂತೆ ನೋಡಿ
ಎದುರಂಗಡಿಗೆ ನಡೆದ.

ಕತ್ತರಿಯನ್ನು ಡ್ರಾಯರಿನೊಳಗೆ ಇಟ್ಟೆ.
ಮೂಲೆಯಲ್ಲಿ ಆ ಎರಡು ಪೊಟ್ಟಣ,
ಅಂಚು ಹಳದಿಯಾಗಿ.
ಯಾರಿಗೂ ಆಗಲಿಲ್ಲ.