ಬರ್ಕಾದ ಹಲ್ವ

ಸಂತೆಯಲ್ಲಿ ಕಲ್ಲಂಗಡಿ ತಟ್ಟಿ ನೋಡಿದಂತೆಯೇ ಇದೂ.
ತುಂಡು ಹಲ್ವ ಎರಡು ಪ್ರೋಬುಗಳ ನಡುವೆ,
ಕಿವಿಗೆಟುಕದ ಸದ್ದು ಈ ಬದಿಯಿಂದ ಹೊರಟು ಆ ಬದಿಗೆ
ಎಂಟೂವರೆ ಮೈಕ್ರೋಸೆಕೆಂಡು.
ಎಷ್ಟು ಬಿಗಿ, ಎಷ್ಟು ಮೆದು,
ಪರದೆ ಹೇಳಿಬಿಡುತ್ತದೆ, ರುಚಿ ನೋಡದೆ.

ಮೂರನೇ ತಟ್ಟೆಯದ್ದು ಮಾತ್ರ
ಸದ್ದು ನುಂಗಿ ಕೂತಿತು.
ಪ್ರೋಬ್ ಒರೆಸಿದೆ, ಮತ್ತೆ ಜೆಲ್ ಸವರಿದೆ.
ಗೆರೆ ಏಳಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ ಮುದುಕ ಖಲ್ಫಾನ್
ಕೇಸರಿ ಹತ್ತಿದ ಉಗುರಲ್ಲಿ ತಟ್ಟೆಯ ಅಂಚು ಚಿವುಟಿ
ನಾಲಿಗೆಗಿಟ್ಟು, ಕಣ್ಣು ಮುಚ್ಚಿ:
"ಒಳಗೆ ಗಾಳಿ.
ಮೊಮ್ಮಗ ಮಗುಚಿದ್ದು.
ಹೊಸದಾಗಿ ನಿಶ್ಚಯವಾಗಿದೆ,
ಒಂದು ಕೈಯಲ್ಲಿ ಸೌಟು, ಒಂದರಲ್ಲಿ ಫೋನು."

ವರದಿಯಲ್ಲಿ ಬರೆದೆ: ಗಾಳಿಗುಳ್ಳೆ, ತಿರಸ್ಕೃತ.
ಕಾರಣದ ಜಾಗ ಖಾಲಿ ಬಿಟ್ಟೆ.

ಅವನು ಹೋದ ಮೇಲೆ ಉಳಿದದ್ದನ್ನು ತಿಂದೆ.
ಚೆನ್ನಾಗಿಯೇ ಇತ್ತು.