ನಲವತ್ತೊಂದು

ಬೆನ್ನಿಗೆ ನಂಬರು ಚುಚ್ಚೂವಾಗ
ಪಿನ್ನು ಅಂಗಿ ದಾಟಿ ಮೈಗೆ ತಾಗಿತು.
ನೀ ಹಾ ಅನ್ನಲಿಲ್ಲ.
ಭುಜ ಅಷ್ಟ ಒಂದೀಟು ಮ್ಯಾಲೆದ್ದು ಇಳೀತು.
ನಲವತ್ತೊಂದು. ನನ್ನ ಬೆನ್ನಿಗೂ ಅದ ನಂಬರು, ನೀ ಚುಚ್ಚಿದ್ದು.
ಹುಬ್ಬಳ್ಳಿ ಗೋಕುಲ ರೋಡಿನ ಮದುವಿ ಹಾಲು,
ಹಿಂದಿನ ಅಡಗಿಮನಿ ನಮಗ ಗ್ರೀನ್ ರೂಮು.
ನಿನ್ನಿ ಯಾರದೋ ಲಗ್ನದ ಬುಂದೆ ವಾಸನಿ
ಇನ್ನೂ ಕಟ್ಟಿ ಬಿಟ್ಟು ಹೋಗಿರಲಿಲ್ಲ.

ಫಕೀರೇಶಾ,
ನಿನಗ ಎಣಸಾಕ ಬರೂದಿಲ್ಲಂತ ಸರ್ ಬೈತಿದ್ರು.
ಫೈವ್ ಸಿಕ್ಸ್ ಸೆವೆನ್ ಏಟ್ ಅಂತ ಅವರು ಚಪ್ಪಾಳಿ ಬಡದ್ರ
ನೀ ತುಟಿಯೊಳಗ ಖಟಕ್ ಖಟಕ್ ಅಂತಿದ್ದಿ.
ಬೆಟಗೇರಿಯೊಳಗ ಹುಟ್ಟಿದಾವ,
ಜೋಗುಳಕ್ಕಿಂತ ಮೊದಲ ಮಗ್ಗದ ಸಪ್ಪಳ ಕೇಳಿದಾವ.
ಲಾಳಿ ಆ ಕಡೆ ಹೋಗಿ ಈ ಕಡೆ ಬರೂದ್ರಾಗ
ನಿನ್ನ ಎಂಟು ಮುಗೀತಿತ್ತು.
ಒಂದಿನ ಪ್ರಾಕ್ಟೀಸ್ ನೆವ ಮಾಡಿ ನಿಮ್ಮನಿಗೆ ಬಂದೆ.
ನಿಮ್ಮವ್ವ ಕಂಡಿಕಿ ಸುತ್ತೂದು ಬಿಡದ
"ನಮ್ಮ ಹುಡುಗನ ಜೋಡಿ ಕುಣಿಯಾಕಿ ನೀನೇನವಾ?" ಅಂದ್ಲು.
ಬೈದ್ಲೋ ಕೇಳಿದ್ಲೋ ಇವತ್ತಿಗೂ ತಿಳಿದಿಲ್ಲ.
ಆವತ್ತಿನಿಂದ ನಾನೂ ಒಳಗೊಳಗ ಖಟಕ್ ಅಂತ ಎಣಸಾಕ ಹತ್ತಿದೆ,
ಸರ್‌ಗೆ ಗೊತ್ತಾಗದಂಗ.

ಸ್ಟೇಜಿನ ಮ್ಯಾಲೆ ನೀ ನನ್ನ ಸೊಂಟ ಹಿಡದು ಎತ್ತೂದು ಸ್ಟೆಪ್ಪು.
ಅದಕ್ಕ ಯಾರೂ ಏನೂ ಅನ್ನೂದಿಲ್ಲ.
ಗದಗಿನ ಬಸ್ಸಿನ್ಯಾಗ ಮಾತ್ರ
ನಮ್ಮಿಬ್ಬರ ನಡುವ ಬ್ಯಾಗ್ ಇಟಗೊಂಡು ಕುಂದರ್ತಿದ್ದಿ,
ಒಳಗ ಏನೋ ಒಡಿಯೂ ಸಾಮಾನು ಇದ್ದಂಗ.

ಎರಡನೇ ತಿರುವಿನ್ಯಾಗ, ಢೋಲು ಬಿದ್ದ ಕಡೆ, ಬಲಗಾಲು.
ನೀ ಎಡಗಾಲು ಇಟ್ಟಿ.
ನಿನ್ನ ಮಾರಿ ಬಿಳಚಿದ್ದು ಜಡ್ಜ್‌ಗಳಿಗಿಂತ ಮೊದಲ ನನಗ ಕಂಡಿತು.
ಒಂದು ಎಣಿಕಿಯೊಳಗ ಎಷ್ಟು ಜಾಗ ಇರತೈತಿ ಅಂತ ಆಗ ತಿಳೀತು:
ಎರಡು ವರ್ಷದ ಮುಂಜಾನೆಗಳು ಹಿಡಿಸಿದವು,
ಮಂದಿ ಲಗ್ನಪತ್ರಿಕಿ ಅಚ್ಚು ಹಾಕಿ ಅಪ್ಪ ಕಟ್ಟಿದ ಫೀ,
ಶಾಯಿ ಹತ್ತಿದ ಅವನ ಹೆಬ್ಬಟ್ಟು,
ಮೊದಲಿನ ಎರಡು ಜೋಡಿ ಅಷ್ಟ ಮುಂದಕ್ಕ ಅನ್ನೂ ಮಾತು.
ಎಲ್ಲಾ ಹಿಡಿಸಿ ಇನ್ನೂ ಒಂಚೂರು ಉಳೀತು.
ಆ ಒಂಚೂರಿನ್ಯಾಗ
ನಾನೂ ಎಡಗಾಲು ಇಟ್ಟೆ.

ಒಬ್ಬರು ತಪ್ಪಿದ್ರ ತಪ್ಪು.
ಇಬ್ಬರೂ ತಪ್ಪಿದ್ರ, ಮಂದಿ ಅದನ್ನೂ ಸ್ಟೆಪ್ಪು ಅಂತ ತಿಳೀತಾರ.
ಪೂರಾ ತಿಳೀಲಿಲ್ಲ.
ಮೂರನೇ ಬಹುಮಾನ. ಇಬ್ಬರಿಗೂ ಕೂಡಿ ಒಂದ ಕಪ್ಪು.

ಚಾದಂಗಡಿ ಮುಂದ ಸರ್ ಮೊಬೈಲಿನ್ಯಾಗ
ಅದನ್ನ ನಾಕು ಸಲ ನೋಡಿದ್ರು.
"ನೀ ಸರಿ ಇದ್ದಿ. ಇಲ್ಲಿ ನೋಡು, ಅವನ ಕಾಲು ನೋಡಿದಿ.
ಆಮ್ಯಾಲೆ ತಪ್ಪಿದಿ."
ನಾ ಚಾದಾಗಿನ ಕೆನಿ ತಗಿಯಾಕ ಹತ್ತಿದೆ.

ತಿರುಗಿ ಬರೂ ಬಸ್ಸಿನ್ಯಾಗ ನಡುವ ಬ್ಯಾಗ್ ಇರಲಿಲ್ಲ, ಕಪ್ಪು ಇತ್ತು.
ಅಣ್ಣಿಗೇರಿ ದಾಟಿದ ಮ್ಯಾಲೆ ನೀ ಅದನ್ನ ತೊಡಿ ಮ್ಯಾಲೆ ತಗೊಂಡಿ.
"ಬೇಕಂತ ಇಟ್ಟಿ, ಹೌದಲ್ಲ?"
"ಜಾರಿತು."
"ನಿನ್ನ ಕಾಲು ಜಾರೂದಲ್ಲ, ನನಗ ಗೊತ್ತೈತಿ.
ನಾ ಬಿದ್ರ ಬೀಳ್ತೇನಿ. ನನ್ನ ಮ್ಯಾಲೆ ಕನಿಕರ ಮಾಡಬ್ಯಾಡ."
ಹೊರಗ ಕತ್ತಲಿ, ಕಿಟಕಿಯೊಳಗ ಬರೇ ನಮ್ಮಿಬ್ಬರ ಮಾರಿ.
ಕನಿಕರ ಅಲ್ಲ ಅಂತ ಯಾವ ಸ್ಟೆಪ್ಪಿನ್ಯಾಗ ಹೇಳ್ಲಿ?
ಬಾಯಿಗೆ ಬರಲಿಲ್ಲ.
ಕಂಡಕ್ಟರ್ ಸೀಟಿ ಹೊಡದ. ಖಟಕ್ ಅಂತು ಬಾಗಲಾ.

ಸ್ಟ್ಯಾಂಡಿನ್ಯಾಗ ಕಪ್ಪು ನನ್ನ ಕೈಯಾಗಿಟ್ಟು,
ತಿರುಗಿ ನೋಡದ, ಬೆಟಗೇರಿ ಆಟೋದ ಕಡೆ ನಡದಿ.
ಬೆನ್ನ ಮ್ಯಾಲೆ ಇನ್ನೂ ನಲವತ್ತೊಂದು.
ಕಡ್ಲಿ ಮಾರಾವ ನೋಡಿ ನಕ್ಕ. ನಾ ಕೂಗಲಿಲ್ಲ.
ಇರಲಿ, ಮನಿತನಕಾ ಇರಲಿ.

ನನ್ನದು ನನ್ನ ಕೈಗೆ ನಿಲುಕಲಿಲ್ಲ.
ರಾತ್ರಿ ಅವ್ವ ಬಿಚ್ಚಿದ್ಲು.
"ಯಾರ ಚುಚ್ಯಾರ ಇದನ್ನ," ಅಂದ್ಲು, "ಇಷ್ಟ ಸೊಟ್ಟ?"