ಇಲ್ಲಿಯ ತನಕ

ನಮ್ಮದು ದುಂಡು ಮನೆ. ಕಂಬಳಿ ಹೊದ್ದ ಮನೆ.
ಒಳಗೆ ಕೋಣೆಗಳಿಲ್ಲ, ಒಂದೇ ಒಂದು ಅಡ್ಡಗೋಡೆಯಿಲ್ಲ.
ಆದರೂ ಕಣ್ಣು ಕಟ್ಟಿ ಬಿಟ್ಟರೆ ಹೇಳಬಲ್ಲೆ
ಯಾವ ಗೇಣು ಯಾರದೆಂದು:

ಬಾಗಿಲು ತೆಂಕಿಗೆ. ಹೊಕ್ಕವರ ಎಡಕ್ಕೆ
ಗಂಡಸರು, ಜೀನು, ಕಡಿವಾಣ, ಬಂದ ನೆಂಟರು.
ಬಲಕ್ಕೆ ನಾನು, ನೀರಿನ ಡಬ್ಬ, ಹಾಲಿನ ಪಾತ್ರೆ.
ಬಡಗು ಹಿರಿಯರದು, ದೇವರದು,
ಮಾವ ಕುಸ್ತಿಯಲ್ಲಿ ಗೆದ್ದ ಪದಕದ್ದು.
ನಡುವೆ ಒಲೆ, ಒಲೆಯ ಅಕ್ಕಪಕ್ಕ ಎರಡು ಕಂಬ.
ಆ ಕಂಬಗಳ ನಡುವೆ ಮಾತ್ರ ಯಾರೂ ಹಾಯುವಂತಿಲ್ಲ.

ನಾಯಿಗೆ?
"ಇಡೀ ಖಾಂಗಾಯ್ ಬೆಟ್ಟವೇ ಅದರದ್ದು,
ಇನ್ನೂ ಏನು ಬೇಕಂತೆ?" ಎನ್ನುತ್ತಿದ್ದರು
ನನ್ನ ಅತ್ತೆ ಡುಲ್ಮಾ.

ಆ ಚಳಿಗಾಲ, ಚಮರಿಗಳ ಉಸಿರು
ಅವುಗಳ ಗಡ್ಡದಲ್ಲೇ ಹರಳುಗಟ್ಟಿದ ಒಂದು ರಾತ್ರಿ
ತೋಳ ಬಂತು. ಬೆಳಗ್ಗೆ ಬಾಸರ್
ಮೂರೇ ಕಾಲಲ್ಲಿ ನಿಂತಿದ್ದ.
ಕುರಿ ಎಣಿಸಿದೆವು. ಒಂದೂ ಕಡಿಮೆಯಿಲ್ಲ.

ನನ್ನ ಮಗಳು ಉಯಾಂಗಾ, ಏಳು ವರ್ಷದವಳು,
ಹೊಸ್ತಿಲ ಆಚೆಗೊಂದು ಈಚೆಗೊಂದು ಕಾಲಿಟ್ಟು
ವಾದಕ್ಕೆ ನಿಂತಳು:
"ಕುರಿಮರಿ ಒಳಗೆ ಮಲಗಬಹುದು, ಉಚ್ಚೆ ಹೊಯ್ಯಬಹುದು,
ಅದನ್ನು ಕಾದವನು ಮಾತ್ರ ಹೊರಗೆ?"

ಮಾತಿಗೆ ಮಾತು ಬೆಳೆಯಿತು. ಬೆರಣಿಯ ಬೆಂಕಿ
ಎರಡು ಸಲ ಆರಿ ಎರಡು ಸಲ ಹೊತ್ತಿತು.
ಗಲ್ಸಾನ್, ನನ್ನ ಗಂಡ, ಎಡಭಾಗದಲ್ಲಿ ಕೂತು
ಬೂಟಿಗೆ ಕೊಬ್ಬು ಸವರುತ್ತ ಯಾರ ಕಡೆಗೂ ಸೇರಲಿಲ್ಲ.
ಎಡಕ್ಕೆ ಬೇಡ, ಜೀನಿನ ತೊಗಲು ನೆಕ್ಕುತ್ತಾನೆ.
ಬಲಕ್ಕೆ ಬೇಡ, ಹಾಲಿದೆ.
ಬಡಗಿನ ಮಾತನ್ನು ಯಾರೂ ಎತ್ತಲೇ ಇಲ್ಲ.
ಕೊನೆಗೆ ಅತ್ತೆಯೇ ಎದ್ದು, ಇಕ್ಕಳದ ತುದಿಯಿಂದ
ಬಾಗಿಲ ಮಗ್ಗುಲಲ್ಲಿ, ಬೆರಣಿ ಪೆಟ್ಟಿಗೆಯ ಪಕ್ಕ,
ಮಣ್ಣಿನ ಮೇಲೊಂದು ಗೆರೆ ಎಳೆದರು:
"ಇಲ್ಲಿಯ ತನಕ. ಮೂಗು ಇದನ್ನು ದಾಟಿದರೆ
ಮೂಗನ್ನೇ ವಿಚಾರಿಸಿಕೊಳ್ಳುತ್ತೇನೆ."

ಆ ಗೆರೆಯ ಗುರುತು ನನಗಿದೆ.
ಹನ್ನೊಂದು ವರ್ಷದ ಹಿಂದೆ, ಮದುವೆಯ ಮಾರನೇ ದಿನ,
ಅದೇ ಇಕ್ಕಳ, ಅದೇ ದನಿ:
ಬಲಗಾಲು ಮೊದಲು. ಹೊಸ್ತಿಲು ತುಳಿಯಬೇಡ.
ಮಾವನಿಗೆ ಬೆನ್ನು ಮಾಡಬೇಡ.
ಒಲೆಯ ಕಡೆ ಕಾಲು ಚಾಚಬೇಡ.
ಕಲಿಯಲು ನನಗೆ ಒಂದಿಡೀ ಚಳಿಗಾಲ ಹಿಡಿಯಿತು.
ಬಾಸರ್ ಒಂದೇ ರಾತ್ರಿಯಲ್ಲಿ ಕಲಿತ.
ನಿದ್ದೆಯಲ್ಲಿ ತೋಳವನ್ನು ಅಟ್ಟುವಾಗಲೂ
ಅವನ ಕಾಲು ಗೆರೆಯವರೆಗೆ ಓಡಿ
ಗೆರೆಯಲ್ಲೇ ನಿಲ್ಲುತ್ತಿತ್ತು.

ಗಾಯ ಹೊಲಿಯಲು ಬಂದ ಪಶುವೈದ್ಯ, ನಗರದಲ್ಲಿ ಓದಿದವನು,
ಹೊಸ್ತಿಲನ್ನು ಮೆಟ್ಟಿಯೇ ಒಳಗೆ ಬಂದ,
ಕಂಬಗಳ ನಡುವೆ ಕೈ ತೂರಿಸಿ ಚಹಾ ಇಸಕೊಂಡ.
ಅತ್ತೆ ಅವನನ್ನು ನೋಡಲಿಲ್ಲ, ನಾಯಿಯನ್ನು ನೋಡಿದರು.
ಅವತ್ತು ಸಂಜೆ ಬಾಸರ್‌ಗೆ ಹಾಕಿದ ಎಲುಬಿನಲ್ಲಿ
ಮಾಂಸ ಸ್ವಲ್ಪ ಜಾಸ್ತಿಯೇ ಉಳಿದಿತ್ತು.

ಉಯಾಂಗಾ ದಿನಾ ರಾತ್ರಿ ಗೆರೆಯನ್ನು
ಒಂದು ಬೆರಳಷ್ಟು ಒಳಕ್ಕೆ ಸರಿಸುವಳು.
ಬೆಳಗಾದರೆ ಅತ್ತೆ ಒಂದು ಬೆರಳಷ್ಟು ಹಿಂದಕ್ಕೆ.
ಇಬ್ಬರೂ ಆ ವಿಷಯ ಎತ್ತಿದ್ದೇ ಇಲ್ಲ.

ಹಿಮ ಕರಗಿತು. ಕಾಲು ಕೂಡಿತು. ಮನೆ ಬಿಚ್ಚಿದೆವು.
ಕಂಬಳಿ, ಹಗ್ಗ, ಜಾಲರಿ, ಒಲೆ, ಪದಕ,
ಕೊನೆಗೆ ಆ ಎರಡು ಕಂಬ, ಎಲ್ಲ ಲಾರಿಗೆ.
ಬಯಲಲ್ಲಿ ಉಳಿದದ್ದು ಇಷ್ಟೇ:
ಬಿಸಿಲು ಕಾಣದೆ ಬಿಳಿಚಿದ ಒಂದು ದುಂಡು ನೆಲ.

ಇನ್ನೇನು ಹೊರಡಬೇಕು, ನಾಯಿಯಿಲ್ಲ.
ನೋಡಿದರೆ, ಆ ದುಂಡಿನ ಬಡಗು ಅಂಚಿನಲ್ಲಿ,
ಪದಕ ತೂಗುತ್ತಿದ್ದ ಕಡೆ,
ನಾಲ್ಕೂ ಕಾಲು ಚಾಚಿ ಬಿಸಿಲು ಕಾಯುತ್ತಿದ್ದಾನೆ ಬಾಸರ್.
ಅತ್ತೆ ಲಾರಿಯ ಮೇಲಿಂದ ಕಂಡರು.
ಬೈಯಲಿಲ್ಲ. "ಹೋಗಿ ಕರಕೊಂಡು ಬಾ" ಎಂದರು ನನಗೆ.

ಬಡಗಿನಿಂದ ಹೋದರೆ ಹತ್ತೇ ಹೆಜ್ಜೆ.
ನನ್ನ ಕಾಲುಗಳು ಸುತ್ತಿಕೊಂಡು ತೆಂಕಿಗೆ ಬಂದವು,
ಇಲ್ಲದ ಹೊಸ್ತಿಲನ್ನು ಬಲಗಾಲಿಂದ ದಾಟಿದವು,
ಇಲ್ಲದ ಕಂಬಗಳನ್ನು ಬಳಸಿ ನಡೆದವು.
ಬಾಸರ್ ತಲೆಯೆತ್ತಿ ಅಷ್ಟನ್ನೂ ನೋಡಿದ.
ನಾನು ಹತ್ತಿರ ಬಂದಾಗ
ಬಾಲವನ್ನು ಒಮ್ಮೆ ನೆಲಕ್ಕೆ ಬಡಿದು
ಸ್ವಲ್ಪ ಸರಿದು
ಜಾಗ ಬಿಟ್ಟ.